ಸ್ಲಾಟ್ ಕಾರಿನ ಹಿಡಿತ ಮತ್ತು ಓಟ: ಅಯಸ್ಕಾಂತ, ಟೈರ್, ತೂಕ, ಮೋಟರ್‌ಗಳಲ್ಲಿ ಯಾವುದಕ್ಕೆ ಮೊದಲು ಕೈ ಹಾಕಬೇಕು?

ಸ್ಲಾಟ್ ಕಾರು, ಅಂದರೆ ಟ್ರ್ಯಾಕಿನ ಸೀಳು ಹಿಡಿದು ಓಡುವ ಪುಟ್ಟ ವಿದ್ಯುತ್ ಆಟಿಕೆ ಕಾರು. ಅದರ ಸೆಟ್ಟು ಮನೆಗೆ ತಂದವರು ಮೊದಲ ಒಂದು ತಿಂಗಳು ಪೆಟ್ಟಿಗೆಯಲ್ಲಿ ಬಂದ ಕಾರನ್ನೇ ಓಡಿಸಿ ಸಂತೋಷಪಡುತ್ತಾರೆ. ಎರಡನೆಯ ತಿಂಗಳಲ್ಲಿ, ಅದೇ ತಿರುವಿನಲ್ಲಿ ಅದೇ ಕಾರು ಪ್ರತಿ ಸಲವೂ ಟ್ರ್ಯಾಕ್ ಬಿಟ್ಟು ಹಾರುವುದು ಕಣ್ಣಿಗೆ ಬೀಳತೊಡಗುತ್ತದೆ. ಆಗ ಹೆಚ್ಚಿನವರಿಗೆ ಹೊಳೆಯುವ ಪರಿಹಾರ ಜೋರಾದ ಮೋಟರ್. ನನಗೂ ಹೊಳೆದದ್ದು ಅದೇ. ನಿಮಿಷಕ್ಕೆ 18,000 ಸುತ್ತಿನ ಮೋಟರನ್ನು ಬಿಚ್ಚಿ 25,000 ಸುತ್ತಿನದನ್ನು ಕೂರಿಸಿದೆ. ಕಾರು ನೇರ ದಾರಿಯಲ್ಲಿ ಬಾಣದಂತೆ ಹೋಯಿತು, ತಿರುವಿಗೆ ಬಂದೊಡನೆ ಮಂಚದ ಕೆಳಗೆ ಹೋಯಿತು, ಮತ್ತು ಹಾಗೂ ಹೀಗೂ ಪೂರ್ತಿಗೊಳಿಸಿದ ಸುತ್ತುಗಳ ಸಮಯ ಹಳೆಯ ಮೋಟರಿಗಿಂತ ಹೆಚ್ಚಾಗಿತ್ತು. ಆ ಮೋಟರಿನ ಬೆಲೆಯಲ್ಲಿ ನಾಲ್ಕು ಜೊತೆ ಒಳ್ಳೆಯ ಟೈರ್ ಬರುತ್ತಿದ್ದವು ಎಂಬುದು ತಡವಾಗಿ ತಿಳಿಯಿತು. ಕೈಯಲ್ಲಿರುವ ಹಣವನ್ನು ಯಾವ ಬದಲಾವಣೆಗೆ ಮೊದಲು ಹಾಕಬೇಕು, ಯಾವುದನ್ನು ದುಡ್ಡಿಲ್ಲದೆಯೇ ಮಾಡಿಕೊಳ್ಳಬಹುದು ಎಂಬ ಲೆಕ್ಕವೇ ಈ ಬರಹ.

ಇಲ್ಲಿ ಹೇಳುವುದೆಲ್ಲ 1:32 ಅಳತೆಯ, ಅಂದರೆ ನಿಜವಾದ ಕಾರಿನ 32ರಲ್ಲಿ ಒಂದು ಭಾಗದಷ್ಟು ಉದ್ದದ ಕಾರುಗಳಿಗೆ ಅನ್ವಯಿಸುತ್ತದೆ. ಕಾರಿನ ಮೂತಿಯ ಕೆಳಗಿನ ಗೈಡ್ ಎಂಬ ಚಿಕ್ಕ ನಾಲಗೆ ಟ್ರ್ಯಾಕಿನ ಸೀಳಿನಲ್ಲಿ ಇಳಿದಿರುತ್ತದೆ. ಗೈಡಿನ ಎರಡು ಬದಿಯ ತಾಮ್ರದ ಹೆಣಿಗೆ, ಅಂದರೆ ಬ್ರೇಡ್, ಹಳಿಗಳಿಂದ ವಿದ್ಯುತ್ತನ್ನು ತೆಗೆದುಕೊಂಡು ಮೋಟರಿಗೆ ಕೊಡುತ್ತದೆ. ಓಡಿಸುವವರ ಕೈಯಲ್ಲಿ ಸ್ಟೀರಿಂಗ್ ಇಲ್ಲ, ಇರುವುದು ವೇಗದ ಗುಂಡಿ ಮಾತ್ರ. ಆದ್ದರಿಂದ ಕಾರಿನ ಸ್ವಭಾವವನ್ನು ತಿದ್ದುವುದಕ್ಕೆ ಓಟಕ್ಕೆ ಮೊದಲು ಮೇಜಿನ ಮೇಲೆ ಮಾಡುವ ಕೆಲಸವೇ ಮುಖ್ಯವಾಗುತ್ತದೆ.

ಮೊದಲು ಟ್ರ್ಯಾಕ್ ಯಾವುದೆಂದು ನೋಡಿಕೊಳ್ಳಿ

ನಾನು ಒಂದೇ ಕಾರನ್ನು ಮೂರು ಊರಿನ ಮೂರು ಟ್ರ್ಯಾಕುಗಳಲ್ಲಿ ಓಡಿಸುವವನು. ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಮನೆಯ ಮಾಳಿಗೆಯಲ್ಲಿ ಸಾದಾ ಉಕ್ಕಿನ ಹಳಿಗಳಿರುವ ಪ್ಲಾಸ್ಟಿಕ್ ಟ್ರ್ಯಾಕ್ ಇದೆ. ವಿಜಯಪುರದ ಅಕ್ಕನ ಮನೆಯಲ್ಲಿ ಜರ್ಮನಿಯಲ್ಲಿ ಹುಟ್ಟಿದ ಕರೇರಾ ಕಂಪನಿಯ, ತುಕ್ಕು ಹಿಡಿಯದ ಉಕ್ಕಿನ ಹಳಿಗಳ ಟ್ರ್ಯಾಕ್ ಇದೆ. ಬಾಗಲಕೋಟೆಯ ನವನಗರದ ಗೆಳೆಯನೊಬ್ಬ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆಯಲ್ಲಿ ಸೀಳು ಕೊರೆಸಿ, ಬಣ್ಣ ಬಳಿದು, ತಾಮ್ರದ ಪಟ್ಟಿ ಅಂಟಿಸಿ ತಾನೇ ಟ್ರ್ಯಾಕ್ ಮಾಡಿಕೊಂಡಿದ್ದಾನೆ. ಬೆಳಗಾವಿಯಲ್ಲಿ ಗೆದ್ದ ಕಾರು ಬಾಗಲಕೋಟೆಯಲ್ಲಿ ಮೊದಲ ತಿರುವನ್ನೂ ದಾಟಲಿಲ್ಲ. ಕಾರಿನ ಹೊಟ್ಟೆಯಲ್ಲಿರುವ ಅಯಸ್ಕಾಂತ ಉಕ್ಕಿನ ಹಳಿಯನ್ನು ಎಳೆದು ಹಿಡಿಯುತ್ತದೆ, ತಾಮ್ರವನ್ನು ಎಳೆಯುವುದಿಲ್ಲ ಎಂಬುದು ಶಾಲೆಯ ಪಾಠ. ಆದರೂ ಅದನ್ನು ನೆನಪಿಟ್ಟುಕೊಳ್ಳದೆ ಇಡೀ ಕಾರನ್ನು ಅಯಸ್ಕಾಂತದ ನಂಬಿಕೆಯ ಮೇಲೆ ಕಟ್ಟಿದ್ದೆ.

ಅಯಸ್ಕಾಂತವೋ, ಅದಿಲ್ಲದ ಓಟವೋ

ಉಳಿದೆಲ್ಲ ಆಯ್ಕೆಗಳು ಇದರ ಮೇಲೆ ನಿಲ್ಲುವುದರಿಂದ ಇದನ್ನು ಮೊದಲು ತೀರ್ಮಾನಿಸಬೇಕು. 1957ರಲ್ಲಿ ಇಂಗ್ಲೆಂಡಿನ ಫ್ರೆಡ್ ಫ್ರಾನ್ಸಿಸ್ ತನ್ನ ಸ್ಪ್ರಿಂಗಿನ ಬಲದಿಂದ ಓಡುವ ಸ್ಕೇಲೆಕ್ಸ್ ಕಾರುಗಳಿಗೆ ವಿದ್ಯುತ್ ಮೋಟರ್ ಕೂರಿಸಿ ಸ್ಕೇಲೆಕ್ಸ್‌ಟ್ರಿಕ್ ಎಂಬ ಹೆಸರಿನಲ್ಲಿ ಹೊರತಂದಾಗ ಅವುಗಳಲ್ಲಿ ಹಳಿಯನ್ನು ಎಳೆಯುವ ಅಯಸ್ಕಾಂತವಿರಲಿಲ್ಲ; ಅದು ಬಹಳ ಕಾಲದ ನಂತರ ಸೇರಿದ ಅನುಕೂಲ. ಇಂದು ಅಂಗಡಿಯಿಂದ ಬರುವ ಹೆಚ್ಚಿನ ಸೆಟ್ಟುಗಳ ಕಾರುಗಳಲ್ಲಿ ಅದು ಇದ್ದೇ ಇರುತ್ತದೆ.

ಅಯಸ್ಕಾಂತವಿರುವ ಕಾರು ತಿರುವಿನಲ್ಲಿ ಅಂಟಿಕೊಂಡು ಹೋಗುತ್ತದೆ. ಚಿಕ್ಕ ಮಕ್ಕಳು ಓಡಿಸಿದರೂ ಬೇಗ ಹಾರುವುದಿಲ್ಲ. ಇಕ್ಕಟ್ಟಾದ ತಿರುವುಗಳಿರುವ ಸಣ್ಣ ಟ್ರ್ಯಾಕಿಗೆ ಅದು ಹೊಂದುತ್ತದೆ. ಆದರೆ ಅದರ ಹಿಡಿತ ಮುಗಿಯುವ ಬಗೆ ಕೆಟ್ಟದ್ದು. ಹಳಿಯಿಂದ ದೂರವಾದಂತೆ ಎಳೆತ ಬಲು ಬೇಗ ಕುಸಿಯುವುದರಿಂದ, ಕಾರಿನ ಹಿಂಭಾಗ ಒಂದು ಮಿಲಿಮೀಟರ್ ಎದ್ದರೂ ಮುಂದಿನ ಕ್ಷಣ ಕಾರು ನೆಲದ ಮೇಲಿರುತ್ತದೆ, ಮುನ್ಸೂಚನೆಯೇ ಇರುವುದಿಲ್ಲ. ಅಯಸ್ಕಾಂತವಿಲ್ಲದ ಕಾರು ನಿಧಾನವಾಗಿ ಓಡುತ್ತದೆ ನಿಜ, ಆದರೆ ಬಾಲ ಹೊರಳಿಸಿ ‘ಇನ್ನು ಸಾಕು’ ಎಂದು ಹೇಳುತ್ತದೆ, ಮತ್ತು ಓಡಿಸುವವನು ಗುಂಡಿಯನ್ನು ಸಡಿಲಿಸಿ ಅದನ್ನು ಉಳಿಸಿಕೊಳ್ಳಬಹುದು. ಇಲ್ಲಿ ನನ್ನ ಪಕ್ಷಪಾತ ಅಯಸ್ಕಾಂತವಿಲ್ಲದ ಕಾರಿನ ಕಡೆಗಿದೆ. ಓದುವವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಎರಡರ ನಡುವೆ ಒಂದು ದಾರಿಯೂ ಇದೆ. ಅಯಸ್ಕಾಂತವನ್ನು ಪೂರ್ತಿ ಕೀಳದೆ, ಅದರ ಗೂಡಿನಲ್ಲಿ ಕೆಳಗೆ ತೆಳುವಾದ ಪ್ಲಾಸ್ಟಿಕ್ ಚೂರೊಂದನ್ನಿಟ್ಟು ಅದನ್ನು ತುಸು ಮೇಲಕ್ಕೆತ್ತಿದರೆ ಎಳೆತ ಎದ್ದು ಕಾಣುವಷ್ಟು ಕಡಿಮೆಯಾಗುತ್ತದೆ. ಎಳೆತ ಕಡಿಮೆಯಾದಷ್ಟೂ ಮೋಟರಿನ ಮೇಲಿನ ಹೊರೆ ಇಳಿದು, ಅದು ಬಿಸಿಯಾಗುವುದೂ ತಗ್ಗುತ್ತದೆ. ತಾಮ್ರದ ಪಟ್ಟಿಯ ಮರದ ಟ್ರ್ಯಾಕಿನಲ್ಲಿ ಮಾತ್ರ ಈ ಚರ್ಚೆಯೇ ಇಲ್ಲ. ಅಲ್ಲಿ ಅಯಸ್ಕಾಂತ ಸುಮ್ಮನೆ ಹೊರುವ ಭಾರ. ಕಿತ್ತು ತೆಗೆದದ್ದನ್ನು ಮಾತ್ರ ಮೇಜಿನ ಮೇಲೆ ಬಿಡಬೇಡಿ. ಈ ಪುಟ್ಟ ನಿಯೋಡಿಮಿಯಂ ಅಯಸ್ಕಾಂತಗಳಲ್ಲಿ ಎರಡನ್ನು ಮಗು ನುಂಗಿದರೆ ಅವು ಕರುಳಿನೊಳಗೆ ಒಂದನ್ನೊಂದು ಹಿಡಿದುಕೊಂಡು ಪ್ರಾಣಕ್ಕೆ ಎರವಾಗಬಲ್ಲವು.

ಟೈರ್: ಹಣ ಹಾಕುವುದಿದ್ದರೆ ಇಲ್ಲಿ

ಕಾರು ಟ್ರ್ಯಾಕನ್ನು ತಳ್ಳಿ ಮುಂದೆ ಹೋಗುವುದು ಹಿಂದಿನ ಎರಡು ಟೈರುಗಳಿಂದ ಮಾತ್ರ, ಹೀಗಾಗಿ ಅಯಸ್ಕಾಂತ ತೆಗೆದವರ ಪಾಲಿಗೆ ಟೈರೇ ಸರ್ವಸ್ವ. ಆಯ್ಕೆಗಳು ಮೂರು: ಪೆಟ್ಟಿಗೆಯಲ್ಲೇ ಬರುವ ರಬ್ಬರ್, ಬೇರೆಯಾಗಿ ತರಿಸಿಕೊಳ್ಳುವ ಯುರೆಥೇನ್ (ರಬ್ಬರಿನಂಥ ಒಂದು ಪ್ಲಾಸ್ಟಿಕ್), ಮತ್ತು ಸಿಲಿಕೋನ್.

ರಬ್ಬರ್ ಟೈರನ್ನು ಹೀಗಳೆಯುವ ರೂಢಿಯಿದೆ, ಅದು ಅನ್ಯಾಯ. ಪೆಟ್ಟಿಗೆಯಿಂದ ಬಂದ ಟೈರ್ ಸಾಮಾನ್ಯವಾಗಿ ಪೂರ್ತಿ ದುಂಡಗಿರುವುದಿಲ್ಲ. ನಡುವೆ ಅಚ್ಚಿನ ಗೆರೆ ಎದ್ದಿರುತ್ತದೆ, ಅಂಚುಗಳು ತಗ್ಗಿರುತ್ತವೆ, ಟ್ರ್ಯಾಕನ್ನು ಮುಟ್ಟುವುದು ಅಗಲದ ಅರ್ಧ ಭಾಗ ಮಾತ್ರ. ಅದನ್ನು ತಿದ್ದಿದರೆ ಪ್ಲಾಸ್ಟಿಕ್ ಟ್ರ್ಯಾಕಿನಲ್ಲಿ ಅದೇ ಟೈರ್ ಹೊಸದರಂತೆ ಹಿಡಿಯುತ್ತದೆ. ಇದಕ್ಕೆ ಬೇಕಾದದ್ದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಒಂದು ಹಾಳೆ ಪಾಲಿಶ್ ಪೇಪರ್. ಮೊದಲು ಟೈರನ್ನು ಚಕ್ರಕ್ಕೆ ಅಂಟಿನಿಂದ ಕೂರಿಸಿ ಒಂದು ರಾತ್ರಿ ಒಣಗಲು ಬಿಡಿ, ಇಲ್ಲವಾದರೆ ಉಜ್ಜುವಾಗ ಅದು ಚಕ್ರದ ಮೇಲೆ ಜಾರಿ ಇನ್ನಷ್ಟು ಸೊಟ್ಟಗಾಗುತ್ತದೆ. ಪಾಲಿಶ್ ಪೇಪರಿನ ತುಂಡನ್ನು ನೇರ ಟ್ರ್ಯಾಕಿನ ಮೇಲೆ, ಹಳಿಗಳು ಮುಚ್ಚದಂತೆ, ಹಿಂದಿನ ಚಕ್ರಗಳು ಬರುವ ಜಾಗದಲ್ಲಿ ಅಂಟಿಸಿ. ಗೈಡನ್ನು ಸೀಳಿಗಿಳಿಸಿ, ಕಾರನ್ನು ಕೈಯಲ್ಲಿ ಮುಂದಕ್ಕೆ ಹೋಗದಂತೆ ಹಿಡಿದು, ಗುಂಡಿಯನ್ನು ತುಸುವೇ ಒತ್ತಿ. ಹತ್ತು ಸೆಕೆಂಡು ಉಜ್ಜಿ, ಬಿಟ್ಟು, ಮೋಟರನ್ನು ಮುಟ್ಟಿ ನೋಡಿ ತಣ್ಣಗಾಗಿಸಿ, ಮತ್ತೆ ಹತ್ತು ಸೆಕೆಂಡು. ಹೊಳಪು ಹೋಗಿ ಟೈರಿನ ಇಡೀ ಅಗಲಕ್ಕೆ ಒಂದೇ ಬಗೆಯ ಮಾಸಲು ಕಪ್ಪು ಬಣ್ಣ ಬಂದಾಗ ಕೆಲಸ ಮುಗಿಯಿತು. ಕೊನೆಯಲ್ಲಿ ಇನ್ನೂ ನಯವಾದ ಪೇಪರಿನಲ್ಲಿ ಒಮ್ಮೆ ಉಜ್ಜಿದರೆ ಒಳ್ಳೆಯದು.

ಯುರೆಥೇನ್ ಟೈರಿನ ಗುಣವೆಂದರೆ ಅದು ಪ್ಲಾಸ್ಟಿಕ್ ಮತ್ತು ಬಣ್ಣ ಬಳಿದ ಮರ ಎರಡರ ಮೇಲೂ ಹಿಡಿಯುತ್ತದೆ, ನಿಧಾನವಾಗಿ ಸವೆಯುತ್ತದೆ, ರಬ್ಬರಿನಂತೆಯೇ ಉಜ್ಜಿಸಿಕೊಳ್ಳುತ್ತದೆ, ಮತ್ತು ಧೂಳನ್ನು ಒಂದಿಷ್ಟು ಸಹಿಸುತ್ತದೆ. ಸಿಲಿಕೋನ್ ಅದಕ್ಕಿಂತ ಮೃದು. ನುಣುಪಾದ, ಸ್ವಚ್ಛವಾದ ಟ್ರ್ಯಾಕಿನಲ್ಲಿ ಅದರ ಹಿಡಿತಕ್ಕೆ ಸಾಟಿಯಿಲ್ಲ ಎಂದೇ ಹೇಳಬೇಕು. ಆದರೆ ಅದನ್ನು ಪಾಲಿಶ್ ಪೇಪರಿನಲ್ಲಿ ತಿದ್ದುವುದು ಕಷ್ಟ, ಸಾಮಾನ್ಯ ಅಂಟು ಅದಕ್ಕೆ ಹಿಡಿಯುವುದಿಲ್ಲ, ಧೂಳು ಕಂಡರೆ ಕೈಬಿಡುತ್ತದೆ. ಇನ್ನೊಂದು ತೊಡಕೂ ಉಂಟು: ರಬ್ಬರ್ ಟೈರುಗಳು ಓಡಿ ಕಪ್ಪು ಅಂಶ ಉಳಿಸಿಹೋದ ಟ್ರ್ಯಾಕಿನಲ್ಲಿ ಸಿಲಿಕೋನ್ ಜಾರುತ್ತದೆ. ನಾಲ್ಕು ಜನ ನಾಲ್ಕು ಬಗೆಯ ಟೈರ್ ತರುವ ಮನೆಯಲ್ಲಿ ಸಿಲಿಕೋನ್ ಹಾಕಿಕೊಂಡವನು ಮೊದಲೇ ಸೋತಂತೆ.

ಧೂಳಿನ ಮಾತನ್ನು ನಾನು ವಿಜಯಪುರದಲ್ಲಿ ಕಲಿತೆ. ಬೆಳಗಾವಿಯಲ್ಲಿ ಚೆನ್ನಾಗಿ ಓಡುತ್ತಿದ್ದ ಸಿಲಿಕೋನ್ ಟೈರಿನ ಕಾರನ್ನು ಬೇಸಿಗೆಯ ರಜೆಯಲ್ಲಿ ಅಕ್ಕನ ಮನೆಗೆ ಒಯ್ದಿದ್ದೆ. ಕಿಟಕಿ ತೆರೆದಿಟ್ಟ ಮಾಳಿಗೆಯ ಕೋಣೆ, ಹೊರಗೆ ಬಿಸಿ ಗಾಳಿ. ಮೂರನೆಯ ಸುತ್ತಿಗೆ ಬಾಲ ಅತ್ತಿತ್ತ ಆಡತೊಡಗಿತು. ‘ಮಾಮಾ, ನಿಮ್ಮ ಗಾಡಿ ಯಾಕ ಹಿಂಗ ಜಾರಾಕತ್ತೈತಿ?’ ಎಂದು ಅಳಿಯ ಕೇಳಿದ. ಹಿಂದಿನ ಚಕ್ರಗಳನ್ನು ಅಗಲವಾದ ಪ್ಯಾಕಿಂಗ್ ಟೇಪಿನ ಅಂಟಿನ ಬದಿಯ ಮೇಲೆ ಎರಡು ಸಲ ಉರುಳಿಸಿ ತೋರಿಸಿದೆ. ಟೇಪಿನ ಮೇಲೆ ಟೈರಿನ ಅಗಲದ ಎರಡು ಕೆಂಗಂದು ಗೆರೆಗಳು ಮೂಡಿದ್ದವು. ಮತ್ತೆ ಮೂರು ಸುತ್ತು ಸರಿಯಾಗಿ ಓಡಿತು, ನಾಲ್ಕನೆಯದಕ್ಕೆ ಅದೇ ಕಥೆ. ತಿದ್ದಿದ ರಬ್ಬರ್ ಟೈರಿನ ಅವನ ಕಾರು ಆ ದಿನ ಎಲ್ಲ ಪಂದ್ಯಗಳನ್ನೂ ಗೆದ್ದಿತು. ಹೀಗಾಗಿ ನನ್ನ ಆಯ್ಕೆ ಇದು: ಕೋಣೆಯಲ್ಲಿ ಧೂಳು ಬರುವುದಿದ್ದರೆ ಯುರೆಥೇನ್ ಅಥವಾ ತಿದ್ದಿದ ರಬ್ಬರ್, ಮುಚ್ಚಿದ ಕೋಣೆಯ, ದಿನವೂ ಒರೆಸುವ ಮರದ ಟ್ರ್ಯಾಕಿಗೆ ಸಿಲಿಕೋನ್.

ಮುಂದಿನ ಟೈರುಗಳದು ತದ್ವಿರುದ್ಧ ಲೆಕ್ಕ. ದಾರಿ ತೋರಿಸುವ ಕೆಲಸ ಗೈಡಿನದಾದ್ದರಿಂದ ಮುಂದಿನ ಚಕ್ರಗಳಿಗೆ ಹಿಡಿತ ಬೇಡವೇ ಬೇಡ. ಹಿಡಿದರೆ ತಿರುವಿನಲ್ಲಿ ಅಡ್ಡಿಯಾಗುತ್ತವೆ. ಅವುಗಳನ್ನು ಗಟ್ಟಿ ಪ್ಲಾಸ್ಟಿಕ್ ಟೈರುಗಳಿಗೆ ಬದಲಿಸಬಹುದು. ನಾನು ಮನೆಯಲ್ಲಿದ್ದ ಬಣ್ಣವಿಲ್ಲದ ಉಗುರು ಪಾಲಿಶನ್ನು ಎರಡು ಸಲ ಹಚ್ಚಿ ಕೆಲಸ ಮುಗಿಸಿದೆ. ಫಲಿತಾಂಶದಲ್ಲಿ ವ್ಯತ್ಯಾಸ ಕಂಡಿಲ್ಲ.

ಸೀಸದ ತೂಕ, ಸಡಿಲ ಸ್ಕ್ರೂ

ಅಯಸ್ಕಾಂತ ತೆಗೆದ ಕಾರು ಹಗುರವಾಗಿ ಕುಣಿಯುತ್ತದೆ. ಅದಕ್ಕೆ ಎರಡು ಪರಿಹಾರಗಳನ್ನು ಹೋಲಿಸಬೇಕು: ಕೆಳಗೆ ತೂಕ ಸೇರಿಸುವುದು, ಮೇಲಿನಿಂದ ತೂಕ ಇಳಿಸುವುದು. ತೂಕ ಸೇರಿಸುವುದು ಸುಲಭ ಮತ್ತು ಅಗ್ಗ. ವೀಲ್ ಬ್ಯಾಲೆನ್ಸಿಂಗ್ ಮಾಡುವ ಟೈರ್ ಅಂಗಡಿಗಳಲ್ಲಿ ಕಾರಿನ ಚಕ್ರಕ್ಕೆ ಅಂಟಿಸುವ ಐದೈದು ಗ್ರಾಮಿನ ತುಂಡುಗಳ ಪಟ್ಟಿ ಸಿಗುತ್ತದೆ. ಅದರಲ್ಲಿ ಒಂದೆರಡು ತುಂಡುಗಳನ್ನು ಚಾಸಿಯ, ಅಂದರೆ ಕಾರಿನ ಕೆಳಚೌಕಟ್ಟಿನ, ನೆಲದ ಮೇಲೆ, ಹಿಂದಿನ ಚಕ್ರಗಳನ್ನು ಜೋಡಿಸುವ ಸರಳಿಗೆ, ಅಂದರೆ ಆಕ್ಸಲಿಗೆ, ತುಸು ಮುಂದೆ, ನಡುಗೆರೆಯ ಎರಡೂ ಬದಿಗೆ ಸಮನಾಗಿ ಅಂಟಿಸಿದರೆ ಕಾರು ನೆಲಕ್ಕೆ ಕೂರುತ್ತದೆ. ವೇಗ ಹೆಚ್ಚಿಸುವಾಗ ಮೂತಿ ಎದ್ದು ಗೈಡ್ ಸೀಳು ಬಿಡುತ್ತಿದ್ದರೆ ಗೈಡಿನ ಹಿಂದೆಯೇ ಒಂದು ಚಿಕ್ಕ ತುಂಡು ಸಾಕು. ಹತ್ತರಿಂದ ಹದಿನೈದು ಗ್ರಾಂ ದಾಟಿದರೆ ಲಾಭಕ್ಕಿಂತ ನಷ್ಟ ಹೆಚ್ಚು: ಹೊರಡುವಾಗ ಆಲಸ್ಯ, ನಿಲ್ಲುವಾಗ ತಡ. ಪಟ್ಟಿ ಸೀಸದ್ದಾಗಿದ್ದರೆ ಮುಟ್ಟಿದ ಮೇಲೆ ಕೈ ತೊಳೆಯಿರಿ, ಕತ್ತರಿಸುವ ಕೆಲಸ ಮಕ್ಕಳಿಗೆ ಬೇಡ.

ತೂಕ ಇಳಿಸುವುದು ಕಷ್ಟದ ಕೆಲಸವಾದರೂ ಹೆಚ್ಚು ಬೆಲೆ ಬಾಳುತ್ತದೆ. ಚಾಲಕನ ಗೊಂಬೆ, ಆಸನಗಳು, ದಪ್ಪ ಪ್ಲಾಸ್ಟಿಕಿನ ಒಳಾಂಗಣ ಇವೆಲ್ಲ ಕಾರಿನ ಎತ್ತರದ ಭಾಗದಲ್ಲಿವೆ, ತಿರುವಿನಲ್ಲಿ ಕಾರನ್ನು ಮಗುಚುವುದು ಅವೇ. ತೆಳು ಹಾಳೆಯಿಂದ ಅಚ್ಚೊತ್ತಿದ ಒಳಾಂಗಣ ಹಾಕಿದರೆ ಕೆಲವೇ ಗ್ರಾಂ ಇಳಿಯುತ್ತದೆ, ಆದರೆ ಅದು ಇಳಿಯುವುದು ಸರಿಯಾದ ಜಾಗದಿಂದ. ನೋಟಕ್ಕಾಗಿ ಕಾರು ಇಟ್ಟುಕೊಂಡವರು ಇದಕ್ಕೆ ಒಪ್ಪಲಾರರು. ಅವರು ಸೀಸಕ್ಕೇ ತೃಪ್ತಿಪಡಲಿ.

ಈ ಎರಡಕ್ಕೂ ಮೊದಲು ಒಂದು ಪೈಸೆಯ ಖರ್ಚಿಲ್ಲದ ಉಪಾಯವಿದೆ. ಬಾಡಿಯನ್ನು ಚಾಸಿಗೆ ಬಿಗಿದಿರುವ ಸ್ಕ್ರೂಗಳನ್ನು ಅರ್ಧ ಸುತ್ತಿನಷ್ಟು ಸಡಿಲಿಸಿ. ಬೆರಳಿನಿಂದ ಅಲ್ಲಾಡಿಸಿದರೆ ಬಾಡಿ ಕೂದಲೆಳೆಯಷ್ಟು ಆಡಬೇಕು. ಹೀಗೆ ಮಾಡಿದಾಗ ತಿರುವಿನಲ್ಲಿ ಬಾಡಿ ವಾಲಿದರೂ ಚಾಸಿ ನೆಲಬಿಡುವುದಿಲ್ಲ, ಚಕ್ರಗಳ ನಡುಕ ಬಾಡಿಗೆ ಹತ್ತುವುದಿಲ್ಲ. ಬಾಗಲಕೋಟೆಯ ಮರದ ಟ್ರ್ಯಾಕಿನಲ್ಲಿ ನನ್ನ ಕಾರು ಮೊದಲ ತಿರುವನ್ನು ದಾಟಿದ್ದು ಹೊಸ ಟೈರಿಗೂ ಮುಂಚೆ, ಗೆಳೆಯ ತನ್ನ ಸ್ಕ್ರೂಡ್ರೈವರ್‌ನಿಂದ ಈ ಅರ್ಧ ಸುತ್ತು ತಿರುಗಿಸಿದ ಮೇಲೆ.

ಚಾಸಿ ಸೊಟ್ಟಗಿದೆಯೇ ಎಂದು ನೋಡುವುದಕ್ಕೆ ಗಾಜಿನ ಅಂಗಡಿಯಲ್ಲಿ ಉಳಿದ ಒಂದು ಗೇಣಿನ ಚೂರನ್ನು ಕೇಳಿ ತನ್ನಿ. ಅಂಚನ್ನು ಉಜ್ಜಿಸಿಕೊಳ್ಳುವುದು ಮರೆಯಬೇಡಿ. ಅದರ ಮೇಲೆ ಕಾರಿಟ್ಟರೆ ನಾಲ್ಕು ಚಕ್ರಗಳೂ ಮುಟ್ಟಬೇಕು. ಮುಂದಿನವು ಬರಿದೇ ಸೋಕಿದರೆ ಸಾಕು. ಅದೇ ಗಾಜಿನ ಮೇಲೆ ಬಿಚ್ಚಿದ ಆಕ್ಸಲನ್ನು ಉರುಳಿಸಿದರೆ ಅದರ ಡೊಂಕೂ ತಿಳಿಯುತ್ತದೆ. ಅನೇಕ 1:32 ಕಾರುಗಳ ಆಕ್ಸಲ್ ಇಂಚಿನ 32ರಲ್ಲಿ 3 ಭಾಗ, ಅಂದರೆ ಸುಮಾರು 2.38 ಮಿಲಿಮೀಟರ್ ದಪ್ಪವಿರುತ್ತದೆ. ಪೇಟೆಯಲ್ಲಿ ಸಿಗುವ ಎರಡೂವರೆ ಮಿಲಿಮೀಟರಿನ ಸರಳು ಅದಕ್ಕೆ ಹೊಂದುವುದಿಲ್ಲ. ಆಕ್ಸಲನ್ನು ಕೊಂಡೇ ತರಬೇಕು. ಆದರೆ ಸೊಟ್ಟಗೆ ಸುತ್ತುವ ಅಲ್ಯೂಮಿನಿಯಂ ಚಕ್ರವನ್ನು ಬಿಸಾಡುವ ಮೊದಲು ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಸಣ್ಣ ಲೇತ್ ಇರುವ ವರ್ಕ್‌ಶಾಪಿನಲ್ಲಿ ತೋರಿಸಿ. ಎರಕ ಮತ್ತು ಯಂತ್ರಭಾಗಗಳ ಕೆಲಸಕ್ಕೆ ಹೆಸರಾದ ಊರಿನಲ್ಲಿ ಒಂದು ಚಕ್ರದ ಅಂಚು ನೇರ ಮಾಡಿಸುವುದು ದೊಡ್ಡ ಮಾತಲ್ಲ, ಕೆಲಸದವರು ನಗುತ್ತಾರೆ ಅಷ್ಟೆ.

ಮೋಟರ್ ಬದಲಿಸುವುದೋ, ಗೇರ್ ಬದಲಿಸುವುದೋ

ಇಷ್ಟೆಲ್ಲ ಮಾಡಿದ ಮೇಲೂ ನೇರ ದಾರಿಯಲ್ಲಿ ಕಾರು ಹಿಂದೆ ಬೀಳುತ್ತಿದ್ದರೆ ಮಾತ್ರ ಈ ಆಯ್ಕೆಗೆ ಬನ್ನಿ. ಮೋಟರಿನ ತುದಿಯ ಚಿಕ್ಕ ಗೇರಾದ ಪಿನಿಯನ್ನಿಗೆ 9 ಹಲ್ಲು, ಆಕ್ಸಲಿನ ಗೇರಿಗೆ 27 ಹಲ್ಲು ಇದ್ದರೆ ಮೋಟರ್ 3 ಸುತ್ತು ತಿರುಗಿದಾಗ ಚಕ್ರ 1 ಸುತ್ತು ತಿರುಗುತ್ತದೆ. ಈ ಅನುಪಾತವನ್ನು ಹೆಚ್ಚಿಸಿದರೆ ಕಾರು ಚುರುಕಾಗಿ ಹೊರಡುತ್ತದೆ, ಗುಂಡಿ ಬಿಟ್ಟಾಗ ಬೇಗ ನಿಲ್ಲುತ್ತದೆ, ಆದರೆ ತುತ್ತತುದಿಯ ವೇಗ ಇಳಿಯುತ್ತದೆ. ಕಡಿಮೆ ಮಾಡಿದರೆ ಇದರ ವಿರುದ್ಧ. ತಿರುವುಗಳೇ ಹೆಚ್ಚಿರುವ ಮನೆಯ ಟ್ರ್ಯಾಕಿನಲ್ಲಿ ತುದಿಯ ವೇಗ ಮುಟ್ಟುವಷ್ಟು ಉದ್ದದ ನೇರ ದಾರಿಯೇ ಇರುವುದಿಲ್ಲವಾದ್ದರಿಂದ, ಹಳೆಯ ಮೋಟರಿಗೆ ಹೊಸ ಗೇರ್ ಹಾಕುವುದು ಹೊಸ ಮೋಟರಿಗಿಂತ ಜಾಣತನದ ಖರ್ಚು. ಮೂರು ಮಾರು ಉದ್ದದ ನೇರ ದಾರಿಯಿದ್ದವರು ಮೋಟರ್ ಬಗ್ಗೆ ಯೋಚಿಸಲಿ, ಆಗಲೂ ಸುತ್ತುಗಳ ಸಂಖ್ಯೆಯ ಜೊತೆಗೆ ತಿರುಚುಬಲ (ಟಾರ್ಕ್) ಎಷ್ಟೆಂದು ನೋಡಲಿ.

ಗೇರುಗಳನ್ನು ಜೋಡಿಸುವಾಗ ಹಲ್ಲುಗಳ ನಡುವೆ ತೆಳು ಕಾಗದದ ಪಟ್ಟಿಯೊಂದನ್ನು ಸಿಕ್ಕಿಸಿ, ಗೇರನ್ನು ಪಿನಿಯನ್ನಿಗೆ ಒತ್ತಿ ಬಿಗಿದು, ಕಾಗದವನ್ನು ಹೊರಗೆ ಸುತ್ತಿಸಿ ತೆಗೆಯಿರಿ. ಕಾಗದ ಮಡಿಕೆ ಬಿದ್ದು, ಹರಿಯದೆ ಹೊರಬಂದರೆ ಹಲ್ಲುಗಳ ನಡುವಿನ ಅಂತರ ಸರಿಯಿದೆ.

ಎಣ್ಣೆಯ ವಿಷಯದಲ್ಲಿ ಆಯ್ಕೆಯೇನೂ ಇಲ್ಲ: ಹೊಲಿಗೆ ಯಂತ್ರದ ತೆಳು ಎಣ್ಣೆ, ಸೂಜಿಯ ತುದಿಯಲ್ಲಿ ನಿಲ್ಲುವಷ್ಟು, ಆಕ್ಸಲ್ ತಿರುಗುವ ಪುಟ್ಟ ಬಳೆಗಳಾದ ಬುಷ್‌ಗಳಿಗೆ ಮತ್ತು ಮೋಟರಿನ ಎರಡು ತುದಿಗಳಿಗೆ. ಟೈರಿಗೂ ಬ್ರೇಡಿಗೂ ಅದು ತಾಗಬಾರದು. ಕೈಗೆ ಸಿಕ್ಕಿತೆಂದು ಒಮ್ಮೆ ಕೊಬ್ಬರಿ ಎಣ್ಣೆ ಹಾಕಿದ್ದೆ. ಡಿಸೆಂಬರಿನ ಬೆಳಗಾವಿಯ ಬೆಳಿಗ್ಗೆ ಕಪಾಟಿನ ಬಾಟಲಿಯಲ್ಲಿ ಹೇಗೆ ಹೆಪ್ಪುಗಟ್ಟಿತ್ತೋ ಬುಷ್‌ನೊಳಗೂ ಹಾಗೆಯೇ ಹೆಪ್ಪುಗಟ್ಟಿ, ಕಾರು ಎತ್ತಿನ ಗಾಡಿಯಂತೆ ನರಳುತ್ತ ಹೊರಟಿತು.

ವಿದ್ಯುತ್ತಿನ ದಾರಿ

ಕಾರು ಮಧ್ಯೆ ಮಧ್ಯೆ ತಡವರಿಸಿದರೆ ಜನ ಮೋಟರನ್ನು ದೂರುತ್ತಾರೆ. ಹತ್ತರಲ್ಲಿ ಎಂಟು ಸಲ ತಪ್ಪು ಬ್ರೇಡಿನದು ಅಥವಾ ಹಳಿಯದು ಎಂಬುದು ನನ್ನ ಅನಿಸಿಕೆ. ಬ್ರೇಡಿನ ತುದಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಬಿಡಿಸಿ, ಬೀಸಣಿಗೆಯಂತೆ ಹರಡಿ, ಸ್ವಲ್ಪವೇ ಕೆಳಗೆ ಬಾಗಿಸಬೇಕು. ಹೆಚ್ಚು ಬಾಗಿಸಿದರೆ ಅದು ಸ್ಪ್ರಿಂಗಿನಂತೆ ಮೂತಿಯನ್ನೇ ಎತ್ತಿ ಗೈಡನ್ನು ಸೀಳಿನಿಂದ ಹೊರದೂಡುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ಸಾದಾ ಉಕ್ಕಿನ ಹಳಿಗಳು ಎರಡೇ ವಾರದಲ್ಲಿ ಮಂಕಾಗುತ್ತವೆ. ಅವನ್ನು ಒಣ ಬಟ್ಟೆಯಿಂದ ಬಿರುಸಾಗಿ ಒರೆಸುವುದೇ ಲೇಸು, ಪಾಲಿಶ್ ಪೇಪರಿನಿಂದ ಉಜ್ಜಿದರೆ ಮೇಲಿನ ಲೇಪ ಹೋಗಿ ತುಕ್ಕು ಇನ್ನೂ ಬೇಗ ಹತ್ತುತ್ತದೆ. ವಿಜಯಪುರದ ಟ್ರ್ಯಾಕಿಗೆ ಈ ಕಾಟವಿಲ್ಲ. ಆದರೆ ಅದರ ಹಳಿಗಳು ಅಯಸ್ಕಾಂತವನ್ನು ನಮ್ಮ ಮನೆಯವಷ್ಟು ಬಲವಾಗಿ ಎಳೆಯುವುದಿಲ್ಲ.

ಎರಡು ಲೇನುಗಳಿಗೆ ಒಂದೇ ಅಡಾಪ್ಟರ್ ಇದ್ದರೆ ಪಕ್ಕದ ಕಾರು ಹಾರಿದ ಕ್ಷಣದಲ್ಲಿ ನಿಮ್ಮ ಕಾರಿಗೆ ವಿದ್ಯುತ್ ಒಮ್ಮೆಲೇ ಹೆಚ್ಚಿ ಅದೂ ಹಾರುತ್ತದೆ. ಲೇನಿಗೊಂದು ಪವರ್ ಸಪ್ಲೈ ಕೊಡುವುದು ಒಂದು ಪರಿಹಾರ. ಕಂಟ್ರೋಲರ್ ಬದಲಿಸುವುದು ಇನ್ನೊಂದು ಆಯ್ಕೆ: ಬ್ರೇಕಿನ ಬಲವನ್ನೂ ಗುಂಡಿಯ ಸೂಕ್ಷ್ಮತೆಯನ್ನೂ ಹೊಂದಿಸಬಹುದಾದ ಎಲೆಕ್ಟ್ರಾನಿಕ್ ಕಂಟ್ರೋಲರ್ ನಿಜವಾಗಿಯೂ ಒಳ್ಳೆಯದು, ಬೆಲೆಯೂ ಹಾಗೆಯೇ. ಎರಡರಲ್ಲಿ ಒಂದನ್ನೇ ಕೊಳ್ಳುವುದಾದರೆ ನಾನು ಪವರ್ ಸಪ್ಲೈ ಕೊಳ್ಳುತ್ತೇನೆ. ಮೊಬೈಲ್ ರಿಪೇರಿ ಅಂಗಡಿಯವರು ಮೇಜಿನ ಮೇಲಿಟ್ಟುಕೊಳ್ಳುವ, ವೋಲ್ಟೇಜನ್ನು ತಿರುಗಿಸಿ ಹೊಂದಿಸುವ ಡಿಸಿ ಸಪ್ಲೈ ಇದಕ್ಕೆ ಸಾಕು, ಆದರೆ ಅದು ಸಾದಾ ಅನಲಾಗ್ ಟ್ರ್ಯಾಕಿಗೆ ಮಾತ್ರ. ಒಂದೇ ಲೇನಿನಲ್ಲಿ ಹಲವು ಕಾರುಗಳನ್ನು ಓಡಿಸುವ ಡಿಜಿಟಲ್ ಸೆಟ್ಟಿಗೆ ಅದರದೇ ಅಡಾಪ್ಟರ್ ಬೇಕು. ಧನ ಋಣಗಳನ್ನು ಅದಲು ಬದಲು ಮಾಡದೆ, ಕಂಪನಿ ಸೂಚಿಸಿದ ವೋಲ್ಟೇಜನ್ನು ಮೀರದೆ ಜೋಡಿಸಬೇಕು. ಅಯಸ್ಕಾಂತ ತೆಗೆದ ಕಾರುಗಳಿಗೆ ನಾನು ಅದನ್ನು 9 ಅಥವಾ 10 ವೋಲ್ಟಿಗೆ ಇಳಿಸುತ್ತೇನೆ. 12 ವೋಲ್ಟಿನಲ್ಲಿ ಗುಂಡಿಯ ಮೊದಲ ಕಾಲುಭಾಗದಲ್ಲೇ ಮುಗಿದುಹೋಗುತ್ತಿದ್ದ ಆಟ 9 ವೋಲ್ಟಿನಲ್ಲಿ ಇಡೀ ಗುಂಡಿಗೆ ಹರಡಿಕೊಳ್ಳುತ್ತದೆ.

ಈಗ ಮೂರು ಊರಿಗೆ ಮೂರು ಕಾರು ಕಟ್ಟುವ ಬದಲು ನಾನು ಕಾರನ್ನು ಒಂದೇ ಇಟ್ಟುಕೊಂಡು, ಹಿಂದಿನ ಆಕ್ಸಲನ್ನು ಚಕ್ರ, ಟೈರ್, ಗೇರ್ ಸಮೇತ ಮೂರು ಮಾಡಿಕೊಂಡಿದ್ದೇನೆ. ಬಿಡಿಯಾದ ಎರಡು ಒಂದು ಹಳೆಯ ಕನ್ನಡಕದ ಡಬ್ಬಿಯಲ್ಲಿರುತ್ತವೆ: ವಿಜಯಪುರಕ್ಕೆ ಯುರೆಥೇನ್, ನವನಗರದ ಮರದ ಟ್ರ್ಯಾಕಿಗೆ ಸಿಲಿಕೋನ್. ತಿದ್ದಿದ ರಬ್ಬರ್ ಮಾತ್ರ ಸದಾ ಕಾರಿನಲ್ಲೇ ಇರುತ್ತದೆ.